ಕೊಸರು

ಈ ಅಂಗಡಿ ಮೊದಲು ಕಟುಕರದು.
ಸೂರಿನಲ್ಲಿ ಕೊಕ್ಕೆಗಳು ಇನ್ನೂ ಇವೆ;
ಕುರಿ ತೂಗುತ್ತಿದ್ದಲ್ಲಿ ಈಗ ಈರುಳ್ಳಿಯ ಜಡೆ.
ಬಿಳಿ ಟೈಲಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ
ಕೆಂಪು ಗೆರೆಯೊಂದಿದೆ. ಮಕ್ಕಳು ಅದನ್ನು
ಬೀಟ್‌ರೂಟ್ ಅನ್ನುತ್ತಾರೆ. ನಾನು ತಿದ್ದುವುದಿಲ್ಲ.

ವೇಲ್ಸ್‌ನ ಕಣಿವೆಯ ಪೇಟೆ. ಸ್ಲೇಟಿನ ಗಣಿ ಮುಚ್ಚಿ
ನಲವತ್ತು ವರ್ಷ; ಅದರ ಧೂಳು ಮಾತ್ರ ಊರು ಬಿಟ್ಟಿಲ್ಲ.
ಬೆಳಗ್ಗೆ ಏಳಕ್ಕೆ ಶಟರ್ ಎತ್ತುತ್ತೇನೆ,
ಓಟ್ಸ್ ಮೂಟೆಯ ಬಾಯಿ ಬಿಚ್ಚುತ್ತೇನೆ,
ಕ್ಯಾರೆಟ್ಟನ್ನು ತೊಳೆಯದೆ ಹಾಗೇ ಹರವುತ್ತೇನೆ.
"ಮಣ್ಣೂ ತೂಕಕ್ಕೆ ಬರುತ್ತದಲ್ಲ, ನೆರಿಸ್" ಎಂದು
ಎಲುನೆಡ್ ಮುದುಕಿ ದಿನಾ ಚುಚ್ಚುತ್ತಾಳೆ.
ಅದಕ್ಕೇ ಕೊಸರು:
ತಕ್ಕಡಿ ಸಮವಾದ ಮೇಲೆ ಇನ್ನೊಂದು ಕ್ಯಾರೆಟ್.
ಊರಾಚೆಯ ದೊಡ್ಡ ಅಂಗಡಿಯ ಯಂತ್ರಕ್ಕೆ
ಗ್ರಾಂ ಗೊತ್ತು, ಕೊಸರು ಗೊತ್ತಿಲ್ಲ.

ಹೀಗೆ ಹೇಳಿಕೊಂಡು ತಿರುಗುವುದು ಸುಲಭ.
ಅಲ್ಲಿ 'ಸಾವಯವ' ಎಂದು ಬರೆದ ಬೇಳೆ
ನಾನು ಕೊಳ್ಳುವ ದರಕ್ಕಿಂತ ಅಗ್ಗ.
ಆವಕಾಡೊ ಕೇಳಿದವರಿಗೆ ಹಡಗು, ನೀರು, ದೂರ ಎಂದು
ಉಪದೇಶ ಕಟ್ಟಿ ಕಳಿಸುತ್ತೇನೆ;
ನಿಂಬೆಹಣ್ಣು ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ,
ನಾನೂ ಕೇಳಿಕೊಂಡಿಲ್ಲ.
ಜನವರಿಯಲ್ಲೊಂದು ರಾತ್ರಿ ಟೋಪಿ ಹುಬ್ಬಿಗೆಳೆದು
ಆ ದೊಡ್ಡ ಅಂಗಡಿಗೇ ಹೋಗಿದ್ದೆ, ಅಗ್ಗದ ಬೆಣ್ಣೆಗೆ.
ತಣ್ಣನೆ ಬೆಳಕಿನ ಸಾಲಿನಲ್ಲಿ ಎದುರಿಗೇ ಎಲುನೆಡ್.
ಇಬ್ಬರೂ ಬಹಳ ಹೊತ್ತು
ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ಓದಿದೆವು.

ಇದ್ವಾಲ್ ತರುವ ಲೀಕ್ ಮಾತ್ರ ನನ್ನ ಹೆಮ್ಮೆ.
ಸರ್ಟಿಫಿಕೇಟಿಗೆ ಕಟ್ಟುವಷ್ಟು ಅವನಲ್ಲಿಲ್ಲ.
ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಬರೆದಿದ್ದೆ:
'ವಿಷ ಸೋಕಿಲ್ಲ. ನಾನು ಬಲ್ಲೆ.'
ಒಂಬತ್ತು ವರ್ಷ ಅದನ್ನು ಒರೆಸಿರಲಿಲ್ಲ.

ಗುರುವಾರ ರಾತ್ರಿ ಸೂಪಿಗೆಂದು ಒಂದನ್ನು ಸೀಳಿದೆ.
ಮೂರನೆಯ ಸುತ್ತಿನ ಎಲೆಯ ಸಂದಿಯಲ್ಲಿ
ನೀಲಿ ಕಾಳೊಂದು,
ಗೊಂಬೆಯ ಕಣ್ಣಿನಷ್ಟು.

ಶನಿವಾರ ಅವನು ಬಂದಾಗ ಅಂಗೈಯಲ್ಲಿಟ್ಟು ತೋರಿಸಿದೆ.
ಟೋಪಿ ತೆಗೆದ. ಅದರ ನೀರು ನೆಲಕ್ಕೆ ಸುರಿಯಿತು.
"ಚಿಪ್ಪಿಲ್ಲದ ಬಸವನಹುಳು, ನೆರಿಸ್. ಒಂದೇ ರಾತ್ರಿಗೆ ಎರಡು ಸಾಲು.
ಹದಿನಾರು ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಆಯ್ದೆ.
ಹದಿನೇಳನೆಯ ರಾತ್ರಿ ಮಂಡಿ ಮಡಚಲಿಲ್ಲ.
ಅಪ್ಪನ ಕಾಲದ ಡಬ್ಬಿಯೊಂದು ಕೊಟ್ಟಿಗೆಯಲ್ಲಿತ್ತು."
ಆಮೇಲೆ, ಕೊಕ್ಕೆಗಳ ಕಡೆ ನೋಡುತ್ತ:
"ಬೇಲಿಯ ಬುಡದಲ್ಲಿ ಹಕ್ಕಿಯೊಂದು ಸತ್ತು ಬಿದ್ದಿತ್ತು. ಹೂತೆ.
ಹೇಳಬೇಕೆಂದೇ ಇದ್ದೆ."

ಬೈಯಲು ಬಾಯಿ ತೆರೆದೆ.
ಬಾಯಿಗೆ ಬಂದದ್ದು
ಆ ಅಗ್ಗದ ಬೆಣ್ಣೆಯ ರುಚಿ.

ಆದರೂ ದುಡ್ಡು ಕೊಡಲಿಲ್ಲ.
ಐದು ಕ್ರೇಟು ವಾಪಸು ವ್ಯಾನಿಗೆ ಹೊರುವಾಗ
ಒಂದು ತುದಿ ನಾನು ಹಿಡಿದೆ.
ಹಲಗೆ ಒರೆಸಿ, ಒದ್ದೆಯಾಗಿದ್ದಾಗಲೇ ಬರೆದೆ:
'ಇದ್ವಾಲನ ಲೀಕಿಗೆ ಈ ಸಲ ವಿಷ ಬಿದ್ದಿದೆ. ನನಗೆ ತಿಳಿದಿರಲಿಲ್ಲ.
ಕೊಂಡವರು ಹಣ ವಾಪಸು ಕೇಳಬಹುದು.
ಮೇ ತಿಂಗಳಲ್ಲಿ ರಾತ್ರಿ ಹುಳು ಆಯಲು ಕೈ ಬೇಕು.'

ಹಣ ಕೇಳಿದವರು ಇಪ್ಪತ್ತಮೂರು ಮಂದಿ.
ಅವರಲ್ಲಿ ಇಬ್ಬರು ಲೀಕ್ ಕೊಂಡವರೇ ಅಲ್ಲ; ಕೊಟ್ಟೆ.
ಬೇಕರಿಯ ಟೆಗಿಡ್ ನನ್ನ ಬಾಗಿಲ ಮುಂದೆ
ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾನೆ, ಈಗಲೂ.

ಮೇ ತಿಂಗಳ ಮೊದಲ ರಾತ್ರಿ ಬಂದವರು ಮೂವರು:
ಮಾತಾಡದ ಒಬ್ಬ ಹುಡುಗ,
ನನ್ನಲ್ಲಿ ಇಂದಿನವರೆಗೆ ಒಂದು ಪೆನ್ನಿಯದೂ ಕೊಳ್ಳದ ನರ್ಸ್,
ಮತ್ತೆ ಕೂರಲು ತನ್ನದೇ ಸ್ಟೂಲು ತಂದ ಎಲುನೆಡ್.
ಇದ್ವಾಲ್ ಗೇಟಿನ ಬಳಿಯೇ ನಿಂತಿದ್ದ,
ತನ್ನ ಹೊಲಕ್ಕೆ ತಾನೇ ಬಿಡಾರಕ್ಕೆ ಬಂದವನ ಹಾಗೆ.

ಬೆರಳಿಗೆ ಲೋಳೆ, ಕತ್ತಿಗೆ ಚಳಿ.
ಬಕೆಟ್ ತುಂಬಿತು. ಸಾಕು, ಏಳೋಣ ಎಂದೆ.
ಎಲುನೆಡ್ ಟಾರ್ಚ್ ಬಗ್ಗಿಸಿ
ಕೊನೆಯ ಗಿಡದ ಬುಡದಿಂದ
ಇನ್ನೊಂದನ್ನು ಎತ್ತಿ ಒಳಗೆ ಹಾಕಿದಳು:
"ಕೊಸರು."